ಶೆಟ್ಟಿಹಳ್ಳಿಯ ಹಿತ್ತಲು, ತೆರಿಗೆಯ ಎಲ್ಲೆ

(ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಕೃಷಿ ವಿಜ್ಞಾನಿಯೊಬ್ಬರು ಮಾಡಿದ ಭಾಷಣದ ಪಾಠ)



ಕೆರೆ, ಕಾಡು, ಗೋಮಾಳಗಳ ವಿಚಾರ ಚರ್ಚಿಸುವ ಈ ಸಭೆಯಲ್ಲಿ ಆದಾಯ ತೆರಿಗೆಯ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ನಾನು ಮಣ್ಣಿನ ವಿಜ್ಞಾನ ಓದಿದವಳು. ಲೆಕ್ಕಪರಿಶೋಧಕಿಯಲ್ಲ, ವಕೀಲೆಯೂ ಅಲ್ಲ. ಆದರೆ ಈ ಶೆಟ್ಟಿಹಳ್ಳಿ ನನ್ನ ತವರು. ಇಲ್ಲಿ ನಮ್ಮದೊಂದು ನಾಡಹೆಂಚಿನ ಮನೆ, ಅದರ ಹಿಂದೆ 32 ಗುಂಟೆ ತೆಂಗಿನ ತೋಟ, ಒಂದು ಸೇದುವ ಬಾವಿ ಇದ್ದವು. ಇಂದು ಅಲ್ಲಿ ಸಾಲಾಗಿ ನಿವೇಶನದ ಕಲ್ಲುಗಳಿವೆ. ಮನೆಯನ್ನು ಮಾರಿದ್ದಕ್ಕೆ ನಾನು ಯಾರನ್ನೂ ದೂರುವುದಿಲ್ಲ. ಮಾರಿದವರಲ್ಲಿ ನಾನೂ ಒಬ್ಬಳು. ಮಾರುವಾಗ ನಮಗೆ ತಿಳಿಯದೇ ಹೋದ ಸಂಗತಿಗಳನ್ನು ನಿಮಗೆ ತಿಳಿಸುವುದು ನನ್ನ ಕರ್ತವ್ಯವೆಂದು ಭಾವಿಸಿ ಬಂದಿದ್ದೇನೆ.

ಅಪ್ಪ 2015ರಲ್ಲಿ ತೀರಿಕೊಂಡರು. ಕೊನೆಯ ಬೇಸಿಗೆಯವರೆಗೂ ತೆಂಗಿನ ಬುಡಕ್ಕೆ ತಾವೇ ನೀರು ಹಾಯಿಸುತ್ತಿದ್ದರು. ಪೌತಿ ಖಾತೆಯಾದ ಮೇಲೆ ಬಡಾವಣೆ ಮಾಡುವವರೊಬ್ಬರು ಅಣ್ಣನನ್ನು ಕಂಡರು. ಬೆಲೆ ಒಪ್ಪಿಗೆಯಾಯಿತು. ಭೂಪರಿವರ್ತನೆ ನಿಮ್ಮ ಹೆಸರಿನಲ್ಲೇ ಆಗಲಿ, ಮರಗಳನ್ನು ನೀವೇ ತೆಗೆಸಿಕೊಡಿ, ನೋಂದಣಿ ಆಮೇಲೆ ಎಂದರು. ಅದರಲ್ಲಿ ತಪ್ಪೇನೂ ನಮಗೆ ಕಾಣಲಿಲ್ಲ. 2017ರ ಬೇಸಿಗೆಯಲ್ಲಿ ಮರಗಳು ಉರುಳಿದವು. ನೋಂದಣಿಯಾದದ್ದು 2018ರ ಡಿಸೆಂಬರಿನಲ್ಲಿ. ಅಮ್ಮ, ಅಣ್ಣ, ತಂಗಿ, ನಾನು, ನಾಲ್ವರೂ ಸಹಿ ಹಾಕಿದೆವು. ನಾಲ್ವರಿಗೂ ಪಾಲು ಬಂತು. ಅಣ್ಣ ತನ್ನ ಪಾಲನ್ನು ಬ್ಯಾಂಕಿನಲ್ಲಿ ಠೇವಣಿ ಇಟ್ಟ, ನಾನೂ ಹಾಗೆಯೇ ಮಾಡಿದೆ. ಪಹಣಿಯಲ್ಲಿ ತೆಂಗು ಎಂದು ಬರೆದಿದೆ, ಕೃಷಿ ಜಮೀನಿಗೆ ತೆರಿಗೆಯಿಲ್ಲ ಎಂಬುದು ಊರಿನ ಮಾತು. ಕೃಷಿಯಲ್ಲಿ ಡಾಕ್ಟರೇಟ್ ಪಡೆದ ನಾನೂ ಅದನ್ನೇ ನಂಬಿದ್ದೆ. ಎರಡು ವರ್ಷ ಕಳೆದ ಮೇಲೆ ಆದಾಯ ತೆರಿಗೆ ಇಲಾಖೆಯ ನೋಟೀಸು ಬಂತು. ತೆರಿಗೆ, ಬಡ್ಡಿ ಎಲ್ಲ ಸೇರಿ ನಾವು ಕಟ್ಟಿದ ಹಣ, ಅಪ್ಪ ಆ ತೋಟದಿಂದ ಜೀವಮಾನದಲ್ಲಿ ಕಂಡ ಹಣಕ್ಕಿಂತ ಹೆಚ್ಚು.

ಇಲಾಖೆಗೆ ಹೇಗೆ ತಿಳಿಯಿತೆಂದು ಅಣ್ಣ ಆಶ್ಚರ್ಯಪಟ್ಟ. ತಿಳಿಯದೇ ಇರಲು ಸಾಧ್ಯವೇ ಇರಲಿಲ್ಲ. 30 ಲಕ್ಷ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿಯ ಪ್ರತಿಯೊಂದು ಕ್ರಯವನ್ನೂ ಉಪನೋಂದಣಾಧಿಕಾರಿಗಳ ಕಚೇರಿಯಿಂದ ಇಲಾಖೆಗೆ ಆಗ ವರದಿ ಮಾಡಲಾಗುತ್ತಿತ್ತು. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇಕಡಾ 1ರಷ್ಟನ್ನು ಮುಂಗಡವಾಗಿ ಮುರಿದು ಮಾರುವವರ ಪ್ಯಾನ್ ಸಂಖ್ಯೆಯಲ್ಲಿ ಸರ್ಕಾರಕ್ಕೆ ಕಟ್ಟಬೇಕು.

ಹಾಗಾದರೆ ಕೃಷಿ ಜಮೀನಿಗೆ ತೆರಿಗೆಯಿಲ್ಲ ಎಂಬ ಮಾತು ಸುಳ್ಳೇ? ಪೂರ್ತಿ ಸುಳ್ಳಲ್ಲ, ಹಳೆಯದು. 1970ರವರೆಗೆ ದೇಶದ ಯಾವ ಕೃಷಿ ಜಮೀನೂ ಆದಾಯ ತೆರಿಗೆ ಕಾಯಿದೆಯ ಕಣ್ಣಿಗೆ ಬಂಡವಾಳ ಆಸ್ತಿಯಾಗಿರಲಿಲ್ಲ. ಮಾರಿದಾಗ ಬಂದ ಲಾಭಕ್ಕೆ ತೆರಿಗೆ ಇರಲಿಲ್ಲ. ಆ ವರ್ಷದ ಹಣಕಾಸು ಕಾಯಿದೆ ನಗರದ ಒಳಗಿನ ಮತ್ತು ನಗರಕ್ಕೆ ಹತ್ತಿರದ ಕೃಷಿ ಜಮೀನನ್ನು ಆ ವಿನಾಯಿತಿಯಿಂದ ಹೊರಗಿಟ್ಟಿತು. ನಮ್ಮ ಅಜ್ಜಂದಿರ ಕಾಲದ ಮಾತು ಊರಿನಲ್ಲಿ ಉಳಿಯಿತು, ಕಾಯಿದೆ ಮುಂದೆ ಹೋಯಿತು.

ಈಗಿನ ನಿಯಮವನ್ನು ಗಮನವಿಟ್ಟು ಕೇಳಬೇಕೆಂದು ವಿನಂತಿ. ಜನಸಂಖ್ಯೆ 10,000ಕ್ಕೆ ಕಡಿಮೆಯಿಲ್ಲದ ಪಾಲಿಕೆ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳ ಎಲ್ಲೆಯೊಳಗಿನ ಜಮೀನು ಯಾವ ಬೆಳೆಯಿದ್ದರೂ ತೆರಿಗೆಗೆ ಒಳಪಡುತ್ತದೆ. ಎಲ್ಲೆಯ ಹೊರಗೂ, ಜನಸಂಖ್ಯೆ 10,000ಕ್ಕಿಂತ ಹೆಚ್ಚಿದ್ದು 1 ಲಕ್ಷದವರೆಗಿದ್ದರೆ 2 ಕಿಲೋಮೀಟರ್, 1 ಲಕ್ಷ ದಾಟಿ 10 ಲಕ್ಷದವರೆಗಿದ್ದರೆ 6 ಕಿಲೋಮೀಟರ್, ಅದಕ್ಕೂ ಹೆಚ್ಚಿದ್ದರೆ 8 ಕಿಲೋಮೀಟರ್ ಒಳಗಿನ ಜಮೀನೂ ಹಾಗೆಯೇ. ತುಮಕೂರು ನಗರದ ಜನಸಂಖ್ಯೆ 2011ರ ಜನಗಣತಿಯಂತೆ 3 ಲಕ್ಷ ದಾಟಿದೆ. ಆದ್ದರಿಂದ ನಮಗೆ ಅನ್ವಯವಾಗುವುದು 6 ಕಿಲೋಮೀಟರ್.

ಶೆಟ್ಟಿಹಳ್ಳಿ ಎಂಬ ಹೆಸರಿನ ಊರು ನಮ್ಮ ಜಿಲ್ಲೆಯಲ್ಲಿ ಇದೊಂದೇ ಅಲ್ಲ. ಗುಬ್ಬಿ ತಾಲ್ಲೂಕಿನಲ್ಲಿದೆ, ಕುಣಿಗಲ್ ತಾಲ್ಲೂಕಿನಲ್ಲಿದೆ. ಹೆಸರು ಒಂದೇ, ತೆಂಗು, ರಾಗಿ, ಹುರುಳಿಯ ಬೇಸಾಯವೂ ಹೆಚ್ಚುಕಡಿಮೆ ಒಂದೇ. ನಮ್ಮ ಶೆಟ್ಟಿಹಳ್ಳಿಯನ್ನು ನಗರ ತನ್ನೊಳಗೆ ಸೇರಿಸಿಕೊಂಡಿದೆ. ಇಲ್ಲಿ ಕೊನೆಯ ತೆಂಗಿನ ಮರ ನಿಂತಿದ್ದರೂ ಅದು ನಗರದ ನೆಲ. ಗುಬ್ಬಿ, ಕುಣಿಗಲ್ ಪಟ್ಟಣಗಳ ಜನಸಂಖ್ಯೆ 1 ಲಕ್ಷಕ್ಕಿಂತ ಬಹಳ ಕಡಿಮೆ. ಅವುಗಳ ಸುತ್ತ ಎಣಿಸಬೇಕಾದದ್ದು 2 ಕಿಲೋಮೀಟರ್ ಮಾತ್ರ. ಆ ಗೆರೆಯಿಂದ ಆಚೆಗಿರುವ ಹಳ್ಳಿಯ ಬೇಸಾಯದ ಹೊಲವನ್ನು, ಹೊಲವಾಗಿಯೇ ಮಾರಿದರೆ ಬಂಡವಾಳ ಲಾಭದ ತೆರಿಗೆ ಇಲ್ಲ. ಒಂದೇ ಹೆಸರಿನ ಊರುಗಳಲ್ಲಿ, ಒಂದೇ ಅಳತೆಯ ತೋಟ ಮಾರಿದ ಇಬ್ಬರು ರೈತರಲ್ಲಿ ಒಬ್ಬನಿಗೆ ಲಕ್ಷಗಟ್ಟಲೆ ತೆರಿಗೆ, ಇನ್ನೊಬ್ಬನಿಗೆ ಸೊನ್ನೆ. ಮಣ್ಣಿನ ಗುಣ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ ಎಂಬುದು ನನ್ನಂಥವಳಿಗೆ ಸ್ವಲ್ಪ ಕಷ್ಟದ ಸತ್ಯ.

ಬೆಟ್ಟದ ಹಳ್ಳಿಗಳವರು ಇನ್ನೊಂದು ವಿಷಯ ಗಮನಿಸಬೇಕು. ಈ ದೂರವನ್ನು ಹಿಂದೆ ರಸ್ತೆಯ ಮೇಲೆ ಅಳೆಯಬೇಕೋ, ನೇರವಾಗಿ ಅಳೆಯಬೇಕೋ ಎಂಬ ವಿವಾದವಿತ್ತು. ರಸ್ತೆಯ ದೂರವೇ ಸರಿ ಎಂದು ರೈತರ ಪರವಾಗಿ ತೀರ್ಪುಗಳು ಬಂದಿದ್ದವು. 2013ರ ಹಣಕಾಸು ಕಾಯಿದೆ ಆ ಬಾಗಿಲು ಮುಚ್ಚಿತು. ಈಗ ನಕ್ಷೆಯ ಮೇಲೆ ನೇರ ಗೆರೆ ಎಳೆದಷ್ಟೇ ದೂರ. ಬಯಲಿನಲ್ಲಿ ಇದರಿಂದ ಅಷ್ಟು ವ್ಯತ್ಯಾಸವಾಗದು. ಬೆಟ್ಟ ಬಳಸಿ, ಕೆರೆ ಏರಿ ಸುತ್ತಿ ಒಂಬತ್ತು ಕಿಲೋಮೀಟರ್ ದಾರಿ ಸವೆಸುವವನ ಹೊಲ ನೇರ ಗೆರೆಯಲ್ಲಿ ಆರರೊಳಗೆ ಬೀಳಬಹುದು. ಬಸ್ಸಿನ ಚೀಟಿಯಲ್ಲಿ ಬರೆದ ದೂರವನ್ನು ನಂಬಬೇಡಿ.

ಎಲ್ಲೆ ಒಂದೇ ಕಡೆ ನಿಲ್ಲುವಂಥದೂ ಅಲ್ಲ. ಪಾಲಿಕೆಗೆ ಹೊಸ ಹಳ್ಳಿಗಳು ಸೇರಿದಾಗಲೆಲ್ಲ 6 ಕಿಲೋಮೀಟರಿನ ಪಟ್ಟಿಯೂ ಅಷ್ಟೇ ಮುಂದೆ ಸರಿಯುತ್ತದೆ. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಿ. ನಗರದ ನಡುವಿನಿಂದ ಈ ಪಟ್ಟಿಯ ಹೊರ ಅಂಚು 10 ಕಿಲೋಮೀಟರ್ ಇದೆ ಎಂದು ಇಟ್ಟುಕೊಳ್ಳೋಣ. ಎಲ್ಲೆ ಎಲ್ಲ ದಿಕ್ಕಿಗೂ ಒಂದೇ ಒಂದು ಕಿಲೋಮೀಟರ್ ಬೆಳೆದರೆ ಸುಮಾರು 66 ಚದರ ಕಿಲೋಮೀಟರ್, ಅಂದರೆ 16,000 ಎಕರೆಗೂ ಮಿಗಿಲಾದ ನೆಲ ಹೊಸದಾಗಿ ತೆರಿಗೆಯ ಎಲ್ಲೆಯೊಳಗೆ ಬರುತ್ತದೆ. ಆ ಹದಿನಾರು ಸಾವಿರ ಎಕರೆಯ ಒಡೆಯರಿಗೆ ಯಾರೂ ಮನೆಗೆ ಬಂದು ತಿಳಿಸುವುದಿಲ್ಲ.

ಎಲ್ಲೆಯ ಹೊರಗಿದ್ದೇವೆ ಎಂದು ನೆಮ್ಮದಿಯಾಗಿರುವವರಿಗೂ ಒಂದು ಅಪಾಯವಿದೆ. ನಮ್ಮಣ್ಣನಿಗೆ ಹೇಳಿದ ಮಾತನ್ನೇ ಅವರಿಗೂ ಹೇಳಲಾಗುತ್ತದೆ: ಪರಿವರ್ತನೆ ನಿಮ್ಮ ಹೆಸರಿನಲ್ಲಿ ಆಗಲಿ. ಕರ್ನಾಟಕ ಭೂಕಂದಾಯ ಕಾಯಿದೆಯ 95ನೇ ಕಲಮಿನಡಿ ಜಮೀನು ಒಮ್ಮೆ ಅನ್ಯಕ್ರಾಂತವಾಯಿತೆಂದರೆ, ಅದು ಇನ್ನೂ ಕೃಷಿ ಜಮೀನೇ ಎಂದು ವಾದಿಸುವುದು ಬಹಳ ಕಷ್ಟ. ಪಟ್ಟಣದಿಂದ ಇಪ್ಪತ್ತು ಕಿಲೋಮೀಟರ್ ದೂರವಿದ್ದರೂ ಆ ರೈತ ತನ್ನ ಕೈಯಾರೆ ವಿನಾಯಿತಿ ಕಳೆದುಕೊಂಡಿರುತ್ತಾನೆ. ಬಹಳ ಸಲ ಅವನು ಅರ್ಜಿಯನ್ನೂ ನೋಡಿರುವುದಿಲ್ಲ. ಮುಖ್ತ್ಯಾರು ಪತ್ರಕ್ಕೆ ಹಾಕಿದ ಒಂದು ಸಹಿಯ ಮೇಲೆ ಎಲ್ಲವೂ ನಡೆದಿರುತ್ತದೆ. ಸರ್ವೋಚ್ಚ ನ್ಯಾಯಾಲಯ 1993ರಲ್ಲಿ ಸೂರತ್ ನಗರದ ಒಂದು ಪ್ರಕರಣದಲ್ಲಿ ಇಂಥ ಜಮೀನನ್ನು ಹೇಗೆ ಪರೀಕ್ಷಿಸಬೇಕೆಂದು ವಿಸ್ತಾರವಾಗಿ ಹೇಳಿದೆ. ಕಂದಾಯ ದಾಖಲೆಯಲ್ಲಿ ಕೃಷಿ ಎಂದಿದ್ದರೂ, ಕೃಷಿಯೇತರ ಬಳಕೆಗೆ ಮಾರಲು ಅನುಮತಿ ಪಡೆದದ್ದು, ಬೆಲೆಯನ್ನು ಚದರ ಗಜದ ಲೆಕ್ಕದಲ್ಲಿ ಕಟ್ಟಿದ್ದು, ಮನೆ ಕಟ್ಟುವ ಸಂಘಕ್ಕೆ ಮಾರಿದ್ದು, ಇವೆಲ್ಲ ಒಡೆಯರಿಗೆ ವಿರುದ್ಧವಾದವು. ಎಕರೆ ಲೆಕ್ಕದಲ್ಲಿ ಮಾತು ಶುರುವಾಗಿ ಚದರ ಅಡಿಯ ಲೆಕ್ಕದಲ್ಲಿ ಮುಗಿದರೆ ಎಚ್ಚರವಾಗಿರಿ ಎಂದು ನಾನು ಹೇಳುವುದು ಈ ಕಾರಣಕ್ಕೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2016ರಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ ಅಡಿಗಲ್ಲು ಬಿದ್ದು, 2023ರ ಫೆಬ್ರವರಿಯಲ್ಲಿ ಅದು ಉದ್ಘಾಟನೆಗೊಂಡಿತು. ಅಂಥ ಕಡೆಗಳಲ್ಲಿ ಹೊಲದ ಬೆಲೆ ಹೇಳುವಾಗ ರಾಗಿಯ ಇಳುವರಿಯ ಮಾತು ಬರುವುದೇ ಇಲ್ಲ.

ಇನ್ನು ಮನೆಯ ವಿಚಾರ. ಊರೊಳಗಿನ ಹಳೆಯ ಮನೆಗೆ, ಅದರ ಹಿತ್ತಿಲಿಗೆ ಕೊಡುವ ಬೆಲೆ ಹೆಂಚಿಗಲ್ಲ, ತೊಲೆಗಲ್ಲ. ಮುಂದೆ ಅಲ್ಲಿ ಏಳಬಹುದಾದ ಕಟ್ಟಡಕ್ಕೆ. ಆದರೂ ತೆರಿಗೆಯ ದೃಷ್ಟಿಯಿಂದ ಆ ಹಳೆಯ ಮನೆ ನಿಂತಿರುವುದು ಬಹು ಮುಖ್ಯ. ವಾಸದ ಮನೆಯನ್ನೂ ಅದಕ್ಕೆ ಹೊಂದಿದ ನೆಲವನ್ನೂ ಮಾರಿದವರು, ಬಂದ ಲಾಭದಷ್ಟನ್ನು ಇನ್ನೊಂದು ಮನೆಗೆ ಹಾಕಿದರೆ ತೆರಿಗೆ ಇಲ್ಲ. ಮಾರುವ ಒಂದು ವರ್ಷ ಮೊದಲು ಅಥವಾ ಎರಡು ವರ್ಷದೊಳಗೆ ಕೊಳ್ಳಬೇಕು, ಇಲ್ಲವೇ ಮೂರು ವರ್ಷದೊಳಗೆ ಕಟ್ಟಿಸಬೇಕು. ಲಾಭ 2 ಕೋಟಿಯೊಳಗಿದ್ದರೆ ಜೀವನದಲ್ಲಿ ಒಮ್ಮೆ ಎರಡು ಮನೆಗೂ ಅವಕಾಶವಿದೆ. ಇದನ್ನೇ ಎಲ್ಲರೂ 54ನೇ ಕಲಮು ಎನ್ನುವುದು; 2025ರಲ್ಲಿ ಅಂಗೀಕಾರವಾಗಿ 2026ರ ಏಪ್ರಿಲ್ 1ರಿಂದ ಅನ್ವಯವಾಗುವ ಹೊಸ ಆದಾಯ ತೆರಿಗೆ ಕಾಯಿದೆಯಲ್ಲಿ ಕಲಮಿನ ಸಂಖ್ಯೆ ಬೇರೆ, ಹುರುಳು ಅದೇ. ಮನೆ ಕೆಡವಿ ಬರಿಯ ನಿವೇಶನ ಮಾಡಿಕೊಡಿ ಎಂಬ ಮಾತಿಗೆ ಒಪ್ಪಿದರೆ, ನೀವು ಮಾರಿದ್ದು ಮನೆಯಲ್ಲ, ಖಾಲಿ ನೆಲ ಎಂದಾಗುತ್ತದೆ. ಆಗ ಉಳಿಯುವುದು 54ಎಫ್ ಮಾತ್ರ. ಅದರಡಿ ಪೂರ್ತಿ ವಿನಾಯಿತಿ ಬೇಕಾದರೆ ಲಾಭವನ್ನಷ್ಟೇ ಅಲ್ಲ, ಮಾರಿದ ಇಡೀ ಹಣವನ್ನು ಹೊಸ ಮನೆಗೆ ಹಾಕಬೇಕು. ನಿಮ್ಮ ಹೆಸರಿನಲ್ಲಿ ಬೇರೆ ಮನೆ ಒಂದಕ್ಕಿಂತ ಹೆಚ್ಚು ಇರಕೂಡದು. ಒಂದು ಜೆಸಿಬಿ ಅರ್ಧ ದಿನದಲ್ಲಿ ಮಾಡುವ ಕೆಲಸಕ್ಕೆ ಇಷ್ಟು ಬೆಲೆ. ನಮ್ಮ ಮನೆ ನೋಂದಣಿಯ ದಿನವೂ ನಿಂತಿತ್ತು. ಅದರಿಂದಾಗಿ ಅಮ್ಮನ ಪಾಲಿನಲ್ಲಿ ಮನೆಗೆ ಸಂದ ಭಾಗವಾದರೂ ಉಳಿಯಿತು, ಅವರು ಅದರಲ್ಲೇ ನಗರದಲ್ಲಿ ಒಂದು ಚಿಕ್ಕ ಮನೆ ಕೊಂಡಿದ್ದರು. ಹಿತ್ತಲು ಎಷ್ಟು ದೂರದವರೆಗೆ ಮನೆಗೆ ಹೊಂದಿದ ನೆಲ, ಎಲ್ಲಿಂದ ತೋಟ ಎಂಬುದು ಮಾತ್ರ ಕೊನೆಯವರೆಗೂ ಜಗ್ಗಾಟದ ವಿಷಯವಾಯಿತು. ಕ್ರಯಪತ್ರದಲ್ಲಿ ಮನೆ ಮತ್ತು ಅದರ ಅಂಗಳಕ್ಕೆ ಎಷ್ಟು, ತೋಟಕ್ಕೆ ಎಷ್ಟು ಎಂದು ಬೇರೆಬೇರೆಯಾಗಿ ಬರೆಸಿಕೊಳ್ಳಬೇಕಿತ್ತು.

ತೋಟದ ಭಾಗಕ್ಕೆ 54ಬಿ ಇದೆ. ನಗರದ ಎಲ್ಲೆಯೊಳಗಿನ ಜಮೀನೇ ಆದರೂ, ಮಾರುವ ಹಿಂದಿನ ಎರಡು ವರ್ಷ ನೀವು ಅಥವಾ ನಿಮ್ಮ ತಂದೆತಾಯಿ ಅದನ್ನು ಬೇಸಾಯಕ್ಕೆ ಬಳಸಿದ್ದರೆ, ಎರಡು ವರ್ಷದೊಳಗೆ ಬೇರೆ ಕೃಷಿ ಜಮೀನು ಕೊಂಡು ತೆರಿಗೆ ಉಳಿಸಬಹುದು. ನಮ್ಮ ಮರಗಳು ಉರುಳಿ ಇಪ್ಪತ್ತು ತಿಂಗಳಾದ ಮೇಲೆ ನೋಂದಣಿಯಾಯಿತು ಎಂದೆನಲ್ಲ, ಆ ಇಪ್ಪತ್ತು ತಿಂಗಳು ನೆಲ ಬರಿದೇ ಬಿದ್ದಿತ್ತು. ಹೋಗಲಿ, ಎಲ್ಲ ಸರಿಯಿದ್ದರೂ ನಾವು ಗಡುವು ತಪ್ಪಿಸಿದ್ದೆವು. ಹೊಸ ಮನೆಯನ್ನಾಗಲಿ ಜಮೀನನ್ನಾಗಲಿ ಆ ವರ್ಷದ ತೆರಿಗೆ ವಿವರ ಸಲ್ಲಿಸುವ ಕೊನೆಯ ದಿನದೊಳಗೆ ಕೊಳ್ಳಲಾಗದಿದ್ದರೆ, ಹಣವನ್ನು ಬ್ಯಾಂಕಿನಲ್ಲಿ ಬಂಡವಾಳ ಲಾಭದ ಖಾತೆ ಎಂಬ ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ಸಾಮಾನ್ಯ ಠೇವಣಿ ಲೆಕ್ಕಕ್ಕೆ ಬರುವುದಿಲ್ಲ. 1988ರ ಈ ಯೋಜನೆಯಂತೆ ಬ್ಯಾಂಕುಗಳ ಗ್ರಾಮೀಣ ಶಾಖೆಗಳಲ್ಲಿ ಆ ಖಾತೆ ತೆರೆಯಲು ಬರುವುದಿಲ್ಲ. ಹಳ್ಳಿಯವನು ಹೊಲ ಮಾರಿದ ಹಣ ಹಿಡಿದು ಪೇಟೆಯ ಶಾಖೆಗೇ ಹೋಗಬೇಕು. ಯಾವ ಪುಣ್ಯಾತ್ಮ ಹೀಗೆ ಬರೆದನೋ!

ಮನೆಯೂ ಬೇಡ, ಜಮೀನೂ ಬೇಡ ಎನ್ನುವವರು ಆರು ತಿಂಗಳೊಳಗೆ ಆರ್‌ಇಸಿಯಂಥ ಸಂಸ್ಥೆಗಳ ಬಾಂಡುಗಳಲ್ಲಿ 50 ಲಕ್ಷದವರೆಗಿನ ಲಾಭವನ್ನು ಐದು ವರ್ಷಕ್ಕೆ ತೊಡಗಿಸಬಹುದು. ಬಡ್ಡಿ ಕಡಿಮೆ, ತಲೆನೋವೂ ಕಡಿಮೆ. ವಯಸ್ಸಾದವರಿಗೆ ನಾನು ಇದನ್ನೇ ಹೇಳುತ್ತೇನೆ.

ತೆರಿಗೆಯ ಪ್ರಮಾಣ 2024ರ ಜುಲೈ 23ರಿಂದ ಬದಲಾಗಿದೆ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ನಿಮ್ಮಲ್ಲಿದ್ದ ಆಸ್ತಿಯ ಲಾಭಕ್ಕೆ ಈಗ ಶೇಕಡಾ 12.5, ಬೆಲೆಯೇರಿಕೆಯ ಸೂಚ್ಯಂಕದ ಅನುಕೂಲವಿಲ್ಲ. ಆ ದಿನಕ್ಕೆ ಮೊದಲೇ ನಿಮ್ಮಲ್ಲಿದ್ದ ಮನೆ, ಜಮೀನಿಗೆ ಹಳೆಯ ಪದ್ಧತಿಯಂತೆ ಸೂಚ್ಯಂಕ ಹಾಕಿ ಶೇಕಡಾ 20 ಕಟ್ಟುವ ಆಯ್ಕೆಯೂ ಇದೆ. ಯಾವುದು ಕಡಿಮೆಯೋ ಅದು. ಪಿತ್ರಾರ್ಜಿತಕ್ಕೆ ನಮ್ಮ ಖರ್ಚು ಏನು ಎಂದು ಕೇಳುತ್ತೀರಿ. ಹಿರಿಯರಿಗೆ ಬಿದ್ದ ಖರ್ಚೇ ನಿಮ್ಮ ಖರ್ಚು. 2001ರ ಏಪ್ರಿಲ್ 1ಕ್ಕೆ ಮೊದಲಿನ ಆಸ್ತಿಯಾದರೆ ಅಂದಿನ ಮಾರುಕಟ್ಟೆ ಬೆಲೆಯನ್ನು ಖರ್ಚೆಂದು ತೆಗೆದುಕೊಳ್ಳಬಹುದು, ಅಂದಿನ ಮಾರ್ಗಸೂಚಿ ದರವನ್ನು ಅದು ಮೀರಕೂಡದು. ಉದಾಹರಣೆಗೆ, 2001ರಲ್ಲಿ 3 ಲಕ್ಷ ಬಾಳುತ್ತಿದ್ದ ಹಿತ್ತಲು 2025-26ರಲ್ಲಿ 90 ಲಕ್ಷಕ್ಕೆ ಹೋಯಿತೆನ್ನಿ. ಆ ವರ್ಷದ ಸೂಚ್ಯಂಕ 376. 3 ಲಕ್ಷ ಎಂಬುದು 11.28 ಲಕ್ಷವಾಗುತ್ತದೆ. ಉಳಿದ 78.72 ಲಕ್ಷಕ್ಕೆ ಶೇಕಡಾ 20 ಎಂದರೆ 15.74 ಲಕ್ಷ. ಹೊಸ ಪದ್ಧತಿಯಲ್ಲಿ 87 ಲಕ್ಷಕ್ಕೆ ಶೇಕಡಾ 12.5, ಅಂದರೆ 10.87 ಲಕ್ಷ. ಇವುಗಳ ಮೇಲೆ ಸರ್ಚಾರ್ಜು, ಸೆಸ್ಸು ಬೇರೆ. ಆ ವರ್ಷದ ಮಟ್ಟಿಗೆ, 2001ರ ಬೆಲೆಯ ಎಂಟೂಕಾಲು ಎಂಟೂವರೆ ಪಟ್ಟಿಗಿಂತ ಹೆಚ್ಚು ಬೆಲೆ ಬಂದರೆ ಹೊಸ ಪದ್ಧತಿ ಲಾಭ, ಕಡಿಮೆ ಬಂದರೆ ಹಳೆಯದು. ನಗರ ಬಂದು ಮುಟ್ಟಿದ ನೆಲಕ್ಕೆ ಹೊಸದೇ ಅನುಕೂಲ. ನಗರ ಮುಟ್ಟದ ಊರಿನ ಹಳೆಯ ಮನೆಗೆ ಹಳೆಯದು. ಬಡಾವಣೆಯಾಗುವ ನೆಲಕ್ಕೆ ಈ ಬದಲಾವಣೆ ಒಂದು ಬಗೆಯ ಉಡುಗೊರೆಯೇ ಆಯಿತಲ್ಲವೇ ಎಂದು ನನಗೆ ಅನಿಸಿದೆ.

12 ಲಕ್ಷದವರೆಗೆ ಆದಾಯ ತೆರಿಗೆಯೇ ಇಲ್ಲವಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2025ರ ಬಜೆಟ್ಟಿನ ಆ ರಿಯಾಯಿತಿ ಈ ಬಗೆಯ ಲಾಭಕ್ಕೆ ಸಲ್ಲುವುದಿಲ್ಲ. 2001ರ ನಂತರ ಕೊಳವೆಬಾವಿ ಕೊರೆಸಿದ್ದು, ಮನೆಗೆ ಕೋಣೆ ಕಟ್ಟಿಸಿದ್ದು, ಕಾಂಪೌಂಡು ಹಾಕಿಸಿದ್ದು ಇವನ್ನೆಲ್ಲ ಖರ್ಚಿನಲ್ಲಿ ಸೇರಿಸಬಹುದು. ರಶೀದಿ ಇರಬೇಕು ಅಷ್ಟೆ. ಅಪ್ಪ ಬಾವಿಯ ಹೂಳೆತ್ತಿಸಿದ ಲೆಕ್ಕವನ್ನು ಪಂಚಾಂಗದ ಹಿಂಬದಿಯಲ್ಲಿ ಬರೆದಿಟ್ಟಿದ್ದರು. ಪಂಚಾಂಗ ಸಾಕ್ಷಿಯಾಗಲಿಲ್ಲ.

ಮಾರುವ ಬಗೆಗಳಲ್ಲಿ ನೇರ ಕ್ರಯ ಎಲ್ಲಕ್ಕಿಂತ ಸರಳ. ಎರಡನೆಯದು ಜಂಟಿ ಅಭಿವೃದ್ಧಿ ಕರಾರು: ನೆಲ ನಿಮ್ಮದು, ಕಟ್ಟುವವರು ಅವರು, ಕಟ್ಟಿದ್ದರಲ್ಲಿ ನಿಮಗೊಂದು ಪಾಲು. ಹಿಂದೆ ಇದು ಅನೇಕರನ್ನು ಮುಳುಗಿಸಿತು. ಸ್ವಾಧೀನ ಬಿಟ್ಟುಕೊಟ್ಟ ವರ್ಷವೇ ತೆರಿಗೆ ಬೀಳುತ್ತದೆ ಎಂದು ಕರ್ನಾಟಕ ಉಚ್ಚ ನ್ಯಾಯಾಲಯವೂ 2011ರಲ್ಲಿ ತೀರ್ಪಿತ್ತಿತ್ತು. ಕೈಗೆ ಒಂದು ಮನೆಯೂ ಬಾರದೆ ತೆರಿಗೆ ಕಟ್ಟಬೇಕಾಗುತ್ತಿತ್ತು. 2017ರ ಹಣಕಾಸು ಕಾಯಿದೆ ಇದನ್ನು ಸರಿಪಡಿಸಿದೆ. ಕರಾರು ನೋಂದಣಿಯಾಗಿದ್ದರೆ, ವ್ಯಕ್ತಿಗಳಿಗೂ ಅವಿಭಕ್ತ ಕುಟುಂಬಕ್ಕೂ ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರ ಸಿಕ್ಕ ವರ್ಷ ತೆರಿಗೆ. ಬೆಲೆಯನ್ನು ಅಂದಿನ ಮಾರ್ಗಸೂಚಿ ದರದಂತೆ ಎಣಿಸುತ್ತಾರೆ. ನಗದು ಪಡೆದಿದ್ದರೆ ಅದನ್ನೂ ಕೂಡಿಸುತ್ತಾರೆ. ನಡುವೆ ನಿಮ್ಮ ಪಾಲನ್ನು ಬೇರೆಯವರಿಗೆ ಮಾರಿದರೆ ಆ ಅನುಕೂಲ ತಪ್ಪುತ್ತದೆ. ಇದು ಕಟ್ಟಡಗಳನ್ನು ಮನಸ್ಸಿನಲ್ಲಿಟ್ಟು ಬರೆದ ನಿಯಮ. ಬರಿಯ ನಿವೇಶನಗಳ ಬಡಾವಣೆಗೆ ಸಹಿ ಹಾಕುವವರು ಮೊದಲು ಲೆಕ್ಕಪರಿಶೋಧಕರನ್ನು ಕಾಣಬೇಕು. ಮೂರನೆಯದು, ನಾವೇ ರಸ್ತೆ, ಚರಂಡಿ ಮಾಡಿ ನಿವೇಶನ ಮಾರುವುದು. ಇದರಲ್ಲಿ ಹಣ ಹೆಚ್ಚು ಎಂಬುದು ನಿಜ, ಆದರೆ ಇಲಾಖೆ ಇದನ್ನು ವ್ಯಾಪಾರವೆಂದು ಕರೆಯುವ ಸಂಭವವೂ ಹೆಚ್ಚು. ಆಗ ಲಾಭದ ಒಂದು ಭಾಗಕ್ಕೆ ಶೇಕಡಾ 12.5 ಅಲ್ಲ, 30ರವರೆಗೆ ಹೋಗಬಹುದು.

ನಗದಿನ ವಿಷಯವನ್ನು ನಾನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಅರ್ಧ ಕಾಗದದ ಮೇಲೆ, ಅರ್ಧ ಕೈಯಲ್ಲಿ ಎಂದು ಕೇಳುವವರು ತಮ್ಮ ಅನುಕೂಲಕ್ಕೆ ಕೇಳುತ್ತಾರೆ. 2015ರ ಜೂನ್ 1ರಿಂದ ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟು ನಗದಾಗಿ ಪಡೆಯುವಂತಿಲ್ಲ. ಪಡೆದರೆ ಪಡೆದಷ್ಟೇ ದಂಡ, ಅದೂ ಪಡೆದವರಿಗೆ. ಕ್ರಯಪತ್ರದಲ್ಲಿ ಬೆಲೆ ಇಳಿಸಿ ಬರೆದರೂ ಮಾರ್ಗಸೂಚಿ ದರಕ್ಕಿಂತ ಶೇಕಡಾ 10ಕ್ಕೂ ಮೀರಿ ಅದು ಕಡಿಮೆಯಿದ್ದರೆ ತೆರಿಗೆ ಲೆಕ್ಕಕ್ಕೆ ಮಾರ್ಗಸೂಚಿ ದರವೇ ನಿಲ್ಲುತ್ತದೆ. ರಾಜ್ಯದಲ್ಲಿ 2023ರ ಅಕ್ಟೋಬರಿನಿಂದ ಆ ದರಗಳು ಏರಿವೆ.

ಹೆಣ್ಣುಮಕ್ಕಳಿಗೆ ಒಂದು ಮಾತು. 2005ರ ತಿದ್ದುಪಡಿ, ಅದನ್ನು ಎತ್ತಿಹಿಡಿದ 2020ರ ಸರ್ವೋಚ್ಚ ನ್ಯಾಯಾಲಯದ ತೀರ್ಪು ಇವುಗಳಿಂದ ಪಿತ್ರಾರ್ಜಿತದಲ್ಲಿ ನಮ್ಮ ಪಾಲು ಹುಟ್ಟಿನಿಂದಲೇ ಬಂದದ್ದು. ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಕೊಟ್ಟು ಹಕ್ಕು ಬಿಡುಗಡೆ ಬರೆಸಿಕೊಳ್ಳುವ ಪದ್ಧತಿ ನಿಂತಿಲ್ಲ. ಸೋದರರಿಗೆ ನಾನು ಹೇಳುವುದು ಇಷ್ಟು: ತಂಗಿಯ ಪಾಲು ತಂಗಿಯ ಹೆಸರಿನಲ್ಲೇ ಮಾರಾಟವಾದರೆ ತೆರಿಗೆಯ ಹೊರೆ ಹಂಚಿಹೋಗುತ್ತದೆ, ಬಾಂಡಿನ 50 ಲಕ್ಷದ ಮಿತಿ, ಹೊಸ ಮನೆಯ ವಿನಾಯಿತಿ ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಸಿಗುತ್ತದೆ. ನ್ಯಾಯವಾಗಿ ನಡೆದುಕೊಂಡರೆ ಹಣವೂ ಉಳಿಯುವ ಅಪರೂಪದ ಸಂದರ್ಭವಿದು. ಸೋದರಿಯರಿಗೆ ಹೇಳುವುದು: ಸಹಿ ಹಾಕಿ ಹಣ ಪಡೆದ ಮೇಲೆ ನೋಟೀಸು ನಿಮ್ಮ ಹೆಸರಿಗೂ ಬರುತ್ತದೆ. ಅಣ್ಣ ನೋಡಿಕೊಳ್ಳುತ್ತಾನೆ ಎಂದು ನನ್ನ ಹಾಗೆ ಕೂತಿರಬೇಡಿ.

ಈಗ ಬೆಟ್ಟದ ಮಾತಿಗೆ ಬರುತ್ತೇನೆ. ನಾನು ದೇವರಾಯನದುರ್ಗದ ತಪ್ಪಲಿನಲ್ಲಿ ವಾಸವಾಗಿದ್ದೇನೆ. ಜಯಮಂಗಲಿ, ಶಿಂಷಾ ಹುಟ್ಟುವ ಬೆಟ್ಟ ಅದು. ಕೆಲವು ವರ್ಷಗಳಿಂದ ನಮ್ಮ ಕಡೆಗೆ ಕಾರುಗಳು ಬರುತ್ತಿವೆ. ಇಳಿದವರು ಮಣ್ಣು ಮುಟ್ಟಿ ನೋಡುವುದಿಲ್ಲ. ನೀರಿದೆಯೇ, ಪಹಣಿ ಸರಿಯಿದೆಯೇ, ಇಂಥ ತಿಂಗಳೊಳಗೆ ನೋಂದಣಿಯಾಗುತ್ತದೆಯೇ ಎಂದು ಕೇಳುತ್ತಾರೆ. ಆ ತಿಂಗಳ ಗುಟ್ಟು ನನಗೆ ಈಗ ಗೊತ್ತು. ಅದು 54ಬಿಯ ಎರಡು ವರ್ಷ. ಪೇಟೆಯ ಅಂಚಿನಲ್ಲಿ ತೋಟ ಮಾರಿದ ಹಣ ಗಡುವಿನ ಭಯದಿಂದ ಬೆಟ್ಟ ಹತ್ತುತ್ತಿದೆ. ರೈತನಾಗಿ ಉಳಿ ಎಂದು ಕಾಯಿದೆ ಹೇಳುತ್ತದೆ, ವಿನಾಯಿತಿಯನ್ನೂ ಕೊಡುತ್ತದೆ. ಆದರೆ ಇದ್ದ ನೆಲದಲ್ಲಿ ಅಲ್ಲ, ಬೇರೆ ಕಡೆ. ಶೆಟ್ಟಿಹಳ್ಳಿಯ ತೋಟವನ್ನು ತೋಟವಾಗಿಯೇ ಉಳಿಸುವವರಿಗೆ ಮಾರಿದರೂ ತೆರಿಗೆ ಒಂದು ಕಾಸೂ ಕಡಿಮೆಯಾಗುವುದಿಲ್ಲ. ಒಂದು ಎಕರೆಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ 40,000 ಲೀಟರ್ ನೀರು. ಅದನ್ನು ಹೀರುವ ನೆಲ, ಡಾಂಬರು ಹಾಕಿದ ನೆಲ ಎರಡಕ್ಕೂ ಒಂದೇ ಶೇಕಡಾವಾರು. ಇದು ಬದಲಾಗಬೇಕೆಂದು ನಮ್ಮ ಸಂಘಟನೆಗಳು ಕೇಳಬೇಕು. ನಗರದ ಎಲ್ಲೆಯೊಳಗೆ ಬೇಸಾಯ ಮುಂದುವರಿಸುವ ಕೊಳ್ಳುಗನಿಗೆ ಮಾರಿದವರಿಗೆ ರಿಯಾಯಿತಿ ಕೊಟ್ಟರೆ ಬೊಕ್ಕಸಕ್ಕೆ ಹೆಚ್ಚಿನ ನಷ್ಟವಾಗದು.

ಅವಸರದ ಕೊಳ್ಳುಗ ಬೆಲೆ ಏರಿಸುತ್ತಾನೆ, ಮೋಸವೂ ಹೋಗುತ್ತಾನೆ. ರಾಜ್ಯದ ಭೂಸುಧಾರಣಾ ಕಾಯಿದೆಯಲ್ಲಿ ಕೃಷಿಕರಲ್ಲದವರಿಗಿದ್ದ ತಡೆಯನ್ನು 2020ರಲ್ಲಿ ತೆಗೆದ ಮೇಲೆ ಕೊಳ್ಳುವವರ ಸಂಖ್ಯೆಯೂ ಹೆಚ್ಚಿದೆ. ತಪ್ಪಲಿನ ಜಮೀನುಗಳಲ್ಲಿ ಅನೇಕವು ದರಖಾಸ್ತಿನಲ್ಲಿ ಮಂಜೂರಾದವು. ಸಾಗುವಳಿ ಚೀಟಿಯ ಷರತ್ತಿನಲ್ಲಿ ಪರಭಾರೆ ನಿಷೇಧದ ಅವಧಿ ಇರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ 1978ರ ಕಾಯಿದೆಯಂತೆ ಆ ಕ್ರಯ ಅಸಿಂಧು. 2023ರ ತಿದ್ದುಪಡಿಯ ಮೇಲೆ ಮರಳಿ ಕೇಳಲು ಕಾಲಮಿತಿಯೂ ಇಲ್ಲ. ಕೊಳ್ಳುವವನು ಹಣ ಕಳೆದುಕೊಳ್ಳುತ್ತಾನೆ, ಮಾರಿದ ಬಡವನು ಹಣ ಖರ್ಚು ಮಾಡಿಕೊಂಡು ಕಚೇರಿಗಳಿಗೆ ಅಲೆಯುತ್ತಾನೆ. ಆದ್ದರಿಂದ ಇಲ್ಲಿಂದ ನಮ್ಮ ಕಡೆಗೆ ಬರುವವರಲ್ಲಿ ನನ್ನ ವಿನಂತಿ: ಮಾರುವ ಕರಾರಿಗೆ ಮುಂಚೆಯೇ ಜಮೀನು ಹುಡುಕಲು ತೊಡಗಿ, ಹಣವನ್ನು ಬಂಡವಾಳ ಲಾಭದ ಖಾತೆಗೆ ಹಾಕಿ, ಒಂದು ಮಳೆಗಾಲವಾದರೂ ಆ ನೆಲವನ್ನು ನೋಡಿ ಕೊಳ್ಳಿ. ನಮ್ಮ ಬೆಟ್ಟದವರಲ್ಲಿ ವಿನಂತಿ: ಕಾರಿನಲ್ಲಿ ಬಂದವರಿಗೆ ಗಡುವಿದೆ, ನಿಮಗಿಲ್ಲ.

ವಿದ್ಯಾರ್ಥಿಗಳು ತಾಲ್ಲೂಕಿನ ನಕ್ಷೆ, ಅಳತೆಪಟ್ಟಿ ತಂದಿದ್ದಾರೆ. ಪಾಲಿಕೆಯ ಎಲ್ಲೆಯನ್ನು ಅದರ ಮೇಲೆ ಕೆಂಪು ಬಣ್ಣದಲ್ಲಿ ಗುರುತಿಸಿದೆ. ಊಟದ ಬಳಿಕ ಒಬ್ಬೊಬ್ಬರಾಗಿ ನಿಮ್ಮ ಸರ್ವೆ ನಂಬರು ಹೇಳಿದರೆ ನೇರ ದೂರ ಎಷ್ಟೆಂದು ಅಳೆದು ಬರೆದುಕೊಡುತ್ತಾರೆ. ಪಹಣಿ ತಂದಿರುವವರು ಮೊದಲು ಬನ್ನಿ.